ಅಜ್ಜಿ ತೀರಿಹೋದ ವರ್ಷ

ಅಂಗಡಿಯ ಬಾಗಿಲು ತೆಗೆದ ಕೂಡಲೇ ದೊಡ್ಡಮ್ಮ ಮಾಡುವ ಮೊದಲ ಕೆಲಸ ಸೂಜಿಗಳಿಗೆ ದಾರ ಪೋಣಿಸುವುದು. ಗಿರಾಕಿ ಬಂದು ಎದುರಿಗೆ ನಿಂತಿರಲಿ, ಹತ್ತಿಯ ಮೂಟೆ ತಂದ ಗಾಡಿಯವನು ರಸ್ತೆಯಿಂದಲೇ ಕೂಗುತ್ತಿರಲಿ, ಅದು ಮುಗಿಯದೆ ಅವಳು ಎದ್ದದ್ದಿಲ್ಲ. ಹಾಸಿಗೆ ಹೊಲಿಯುವ ಸೂಜಿ ಅಂಗೈಯಷ್ಟು ಉದ್ದ. ದಿಂಬಿನದು ಅದರ ಅರ್ಧ. ಮಧ್ಯಾಹ್ನದ ಹೊತ್ತಿಗೆ ಹತ್ತಿಯ ಧೂಳು ಕೂತು ಕಣ್ಣು ಮಂಜಾಗುತ್ತದೆ, ಆಗ ದಾರ ಹಿಡಿದು ಒದ್ದಾಡುವುದಕ್ಕಿಂತ ಬೆಳಗಿನ ಬೆಳಕಿನಲ್ಲೇ ಇಡೀ ದಿನಕ್ಕಾಗುವಷ್ಟನ್ನು ಏರಿಸಿಟ್ಟುಬಿಡುತ್ತಾಳೆ. ಗೋಡೆಗೆ ನೇತುಹಾಕಿದ ಹಳೆಯ ದಿಂಬೊಂದಕ್ಕೆ ಅವನ್ನು ಸಾಲಾಗಿ ಚುಚ್ಚಿ, ಒಮ್ಮೆ ಕೈ ಮುಗಿಯುತ್ತಾಳೆ. ದೇವರಿಗೆಂದು ಅವಳು ಬೇರೆ ಹೊತ್ತು ತೆಗೆದಿಟ್ಟಿಲ್ಲ. ದಾರ ಸೂಜಿಯ ಕಣ್ಣು ಹುಡುಕುವ ಹೊತ್ತಿನಲ್ಲಿ ಮನಸ್ಸು ಹೇಗೂ ಒಂದು ಕಡೆ ನಿಂತಿರುತ್ತದೆ, ಆವಾಗಲೇ ಹೇಳುವುದನ್ನೆಲ್ಲ ಹೇಳಿ ಮುಗಿಸುತ್ತಾಳೆ.

ಅವಳಿಗೆ ಸ್ವಂತ ಮಕ್ಕಳಿಲ್ಲ. ಮದುವೆಯೂ ಆಗಿಲ್ಲ. ದೊಡ್ಡಮ್ಮ ಎಂದು ಕರೆಯುವ ಹಕ್ಕು ನಿಜಕ್ಕೂ ಇದ್ದದ್ದು ಒಬ್ಬಳಿಗೇ, ಅವಳ ತಂಗಿಯ ಮಗಳಿಗೆ. ಆ ಮಗು ಹತ್ತಿಯ ರಾಶಿಯಲ್ಲಿ ಬಿದ್ದು ಹೊರಳಾಡುತ್ತ, ದೊಡ್ಡಮ್ಮಾ ದೊಡ್ಡಮ್ಮಾ ಎಂದು ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತಿದ್ದುದರಿಂದ, ಮೊದಲು ಪಕ್ಕದ ಚಪ್ಪಲಿ ಅಂಗಡಿಯವನು, ಆಮೇಲೆ ಅಂಚೆಯವನು, ಕೊನೆಗೆ ಅವಳಿಗಿಂತ ಹಿರಿಯರಾದ ಮುದುಕರೂ ಅದನ್ನೇ ಹಿಡಿದುಕೊಂಡರು. ಐವತ್ತು ದಾಟಿದ ಮೇಲೆ ಈಗ ಆ ಹೆಸರು ಮೈಗೆ ಸರಿಯಾಗಿ ಕೂತಿದೆ.

ಮದುವೆ ಯಾಕಾಗಲಿಲ್ಲ ಎಂಬುದಕ್ಕೆ ಕಾರಣ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳ ಅಜ್ಜಿ, ಅಂದರೆ ತಾಯಿಯ ತಾಯಿ, ಹೆರಿಗೆಯಲ್ಲಿ ಹೋದಳು. ತಾಯಿ ಎರಡನೆಯ ಹೆರಿಗೆಯಲ್ಲಿ ಹೋದಳು. ಆ ಹೆರಿಗೆಯಲ್ಲಿ ಹುಟ್ಟಿದ ತಂಗಿ ದೊಡ್ಡವಳಾಗಿ, ಮದುವೆಯಾಗಿ, ತನ್ನ ಮೊದಲ ಹೆರಿಗೆಯಲ್ಲಿ ಹೋದಳು. ನಮ್ಮ ಮನೆ ಹೆಂಗಸರಿಗೆ ಹೆರಿಗೆ ಆಗಿಬರಲ್ಲ ಎಂಬ ಮಾತನ್ನು ದೊಡ್ಡಮ್ಮ ತಾಯಿ ಹೋದಾಗಿನಿಂದಲೂ ಕೇಳುತ್ತ ಬೆಳೆದಳು. ಪೆಟ್ಟಿಗೆ, ಮಂಚ ಮಾಡುವ ಬಡಗಿಯೊಬ್ಬ ಎರಡು ಸಲ ಬಂದು ಕೇಳಿದ್ದ. ಅವನು ಮಂಚ ಮಾಡುತ್ತಾನೆ, ನೀನು ಹಾಸಿಗೆ ಹೊಲಿಯುತ್ತೀಯ, ಇನ್ನೇನು ಬೇಕು ಎಂದು ಅಪ್ಪ ತಮಾಷೆ ಮಾಡಿದ. ಅವಳಿಗೆ ಬಡಗಿ ಇಷ್ಟವಾಗಿದ್ದ. ಆದರೂ ಬೇಡವೆಂದಳು. ಅವನು ಇನ್ನೊಬ್ಬಳನ್ನು ಮದುವೆಯಾದ. ಹೊಸ ದಂಪತಿಗೆ ಹಾಸಿಗೆ ಹೊಲಿದುಕೊಟ್ಟವಳು ಇವಳೇ. ಚೆನ್ನಾಗಿ ಹೊಲಿದಿದ್ದಳು.

ತಂಗಿ ಸತ್ತ ವಾರದಲ್ಲೇ ಆ ಹಸುಗೂಸನ್ನು ಮಡಿಲಿಗೆ ಹಾಕಿಕೊಂಡಳು. ಭಾವ ಬೇರೆ ಮದುವೆಯಾಗಿ ದೂರ ಹೋದ. ಹುಡುಗಿ ಓದಿ, ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ, ಅಲ್ಲಿಗೆ ದೀಪ ರಿಪೇರಿಗೆ ಬರುತ್ತಿದ್ದ ಎಲೆಕ್ಟ್ರಿಷಿಯನ್‌ನನ್ನು ಮೆಚ್ಚಿ ಮದುವೆಯಾದಳು. ಈಗ ಅವಳಿಗೆ ಐದು ತಿಂಗಳು.

ಬಸುರಿ ಎಂದು ತಿಳಿದ ದಿನದಿಂದ ಹುಡುಗಿಗೆ ನಿದ್ದೆಯಿಲ್ಲ. ಮೊದಮೊದಲು ಎಲ್ಲ ಬಸುರಿಯರಿಗೂ ಹೀಗೇ ಎಂದುಕೊಂಡರು. ಒಂದು ಮಧ್ಯಾಹ್ನ ದೊಡ್ಡಮ್ಮ ಅವಳ ಮನೆಗೆ ಹೋಗಿದ್ದಾಗ ಹೊದಿಕೆ ತೆಗೆಯಲೆಂದು ಬೀರು ತೆರೆದಳು. ಮಡಿಸಿಟ್ಟ ಬಟ್ಟೆಗಳಿಗೆಲ್ಲ ಗುಂಡುಸೂಜಿಯಿಂದ ಸಣ್ಣ ಸಣ್ಣ ಚೀಟಿ ಚುಚ್ಚಿತ್ತು. ಅಂಗಡಿಯ ಗೆಳತಿಗೆ. ನಾದಿನಿಗೆ. ಹಸಿರು ಶಾಲಿನ ಮೇಲೆ, ದೊಡ್ಡಮ್ಮನಿಗೆ.

ದೊಡ್ಡಮ್ಮ ಶಾಲನ್ನು ಹಿಡಿದುಕೊಂಡೇ ಬಂದು ಹುಡುಗಿಯ ಎದುರಿಗೆ ಕೂತಳು. "ಹಸಿರು ನನಗೆ ಒಪ್ಪಲ್ಲ ಅಂತ ನಿನಗೆ ಗೊತ್ತಿಲ್ವಾ?"

"ಹಾಗಾದ್ರೆ ಕೆಂಪು ತಗೋ," ಎಂದಳು ಹುಡುಗಿ. ನಗಲು ನೋಡಿದಳು. ಆಗಲಿಲ್ಲ. "ದೊಡ್ಡಮ್ಮ, ನಾನು ಉಳಿಯಲ್ಲ. ಸುಮ್ನೆ ಧೈರ್ಯ ಹೇಳ್ಬೇಡ. ಮೂರು ಜನ ಹೋಗಿದಾರೆ."

ದೊಡ್ಡಮ್ಮ ಧೈರ್ಯ ಹೇಳಲಿಲ್ಲ. ತಾನೇ ನಂಬಿ ಕೂತದ್ದನ್ನು ಸುಳ್ಳೆಂದು ಇವಳಿಗೆ ಹೇಳುವುದು ಹೇಗೆ?

ಆ ವಾರ ಚಿಕಿತ್ಸಾಲಯಕ್ಕೆ ಜೊತೆಗೆ ಹೋದಳು. ಡಾಕ್ಟರು ಚುರುಕು ಹೆಂಗಸು, ಬರೆಯುತ್ತ ಬರೆಯುತ್ತಲೇ ಮಾತಾಡುವವಳು. ಮೂರು ಸಾವಿನ ಕಥೆ ಕೇಳಿ ಪೆನ್ನು ಕೆಳಗಿಟ್ಟಳು.

"'ಹೆರಿಗೇಲಿ ಹೋದ್ರು' ಅನ್ನೋದು ಕಾಯಿಲೆ ಅಲ್ಲಮ್ಮ. ಏನಾಗಿ ಹೋದ್ರು? ರಕ್ತ ಹೋಗಿತ್ತಾ? ಜ್ವರ ಬಂದಿತ್ತಾ? ಫಿಟ್ಸ್ ಆಗಿತ್ತಾ? ಇವಕ್ಕೆಲ್ಲ ಬೇರೆ ಬೇರೆ ಔಷಧಿ."

"ತಂಗಿದು ಗೊತ್ತು. ರಕ್ತ ನಿಲ್ಲಲಿಲ್ಲ. ಅಮ್ಮ ಹೋದಾಗ ನನಗೆ ಐದು ವರ್ಷ. ಅಜ್ಜೀನ ನಾನು ನೋಡೇ ಇಲ್ಲ."

"ಮರಣ ದಾಖಲೆ ತೆಗೆಸಿ. ಸರ್ಕಾರಿ ಕಚೇರೀಲಿ ಸಿಗುತ್ತೆ. ಕಾಗದವನ್ನೇ ತನ್ನಿ, ಬಾಯಿಮಾತು ಬೇಡ. ಹೆರಿಗೆ ದೊಡ್ಡಾಸ್ಪತ್ರೇಲಿ ಆಗುತ್ತೆ, ಆವತ್ತು ನಾನು ಇರ್ತೀನೋ ಇಲ್ವೋ. ಡ್ಯೂಟಿಲಿ ಇರೋರು ಫೈಲಲ್ಲಿ ಇದ್ದದ್ದನ್ನ ಮಾತ್ರ ನಂಬ್ತಾರೆ."

ಫೈಲು ಆಗಲೂ ಹುಡುಗಿಯ ಅತ್ತೆಯ ಕಂಕುಳಲ್ಲಿತ್ತು. ಆ ಹೆಂಗಸು ಕೆಟ್ಟವಳಲ್ಲ. ಸೊಸೆಯ ಔಷಧಿಯ ಹೊತ್ತು ತಪ್ಪಲು ಬಿಟ್ಟವಳಲ್ಲ. ಆದರೆ ಸಾಮಾನು ಕಟ್ಟಿಕೊಟ್ಟ ಕಾಗದವನ್ನೂ ಬಿಚ್ಚಿ ಓದುವ ಪೈಕಿ. ಓದಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಗೊತ್ತಿಲ್ಲ.

ದಾಖಲೆ ಕಚೇರಿ ನಗರಸಭೆಯ ಕಟ್ಟಡದ ಹಿಂಭಾಗದಲ್ಲಿ, ಮೆಟ್ಟಿಲ ಕೆಳಗಿನ ಉದ್ದನೆಯ ಕೋಣೆಯಲ್ಲಿತ್ತು. ಎರಡೂ ಕಡೆ ಕಬ್ಬಿಣದ ಕಪಾಟುಗಳು, ನಡುವೆ ಒಬ್ಬರು ನಡೆಯುವಷ್ಟು ದಾರಿ, ಅಂಟು ಮತ್ತು ಹಳೆಯ ಬಟ್ಟೆಯ ವಾಸನೆ. ಗುಮಾಸ್ತನ ಮೂಗಿನ ಮೇಲೆ ಒಂದು ಕನ್ನಡಕ, ಹಣೆಯ ಮೇಲೆ ಇನ್ನೊಂದು. ಬಂದವರನ್ನು ನೋಡಲು ಒಂದು, ಪುಸ್ತಕ ನೋಡಲು ಒಂದು.

"ಆಸ್ತಿಗಾ, ಪಿಂಚಣಿಗಾ?" ಎಂದು ಕೇಳಿದ.

"ಎರಡೂ ಅಲ್ಲಪ್ಪ. ಹುಟ್ಟೋ ಮಗುವಿಗೆ."

ಗುಮಾಸ್ತ ಹಣೆಯ ಕನ್ನಡಕವನ್ನು ಕೆಳಗೆ ತಂದು ಅವಳನ್ನು ಸರಿಯಾಗಿ ನೋಡಿದ. "ಸಾವಿನ ಕಪಾಟಿಗೆ ಹುಟ್ಟೋರ ಪರವಾಗಿ ಬಂದವರು ನೀವೇ ಮೊದಲು. ಕೂತ್ಕೊಳ್ಳಿ."

ತಂಗಿಯದು ಬೇಗ ಸಿಕ್ಕಿತು. ಹೆರಿಗೆಯ ನಂತರ ರಕ್ತಸ್ರಾವ. ಜೊತೆಗೆ, ಮೊದಲಿನಿಂದಲೂ ರಕ್ತಹೀನತೆ ಎಂದಿತ್ತು. ತಂಗಿಯ ಮುಖ ಆ ತಿಂಗಳುಗಳಲ್ಲಿ ಬಿಳಿಚಿಕೊಂಡದ್ದು ದೊಡ್ಡಮ್ಮನಿಗೆ ನೆನಪಿತ್ತು. ಬಸುರಿ ಕಳೆ ಎಂದುಕೊಂಡಿದ್ದರು ಎಲ್ಲರೂ. ಅಮ್ಮನದೂ ಸಿಕ್ಕಿತು. ಹೆರಿಗೆಯಾಗಿ ಹಲವು ದಿನಗಳಾದ ಮೇಲೆ ನಂಜು ಏರಿ ಜ್ವರ. ಮಾಹಿತಿ ಕೊಟ್ಟವರು ಎಂಬಲ್ಲಿ ಅಪ್ಪನ ಸಹಿ. ಬರೆದು ರೂಢಿಯಿಲ್ಲದ ಅಪ್ಪ ಹಾಸಿಗೆಯ ಹೊಲಿಗೆಯಂತೆ ಒಂದೊಂದೇ ಅಕ್ಷರ ಕೂಡಿಸಿದ್ದ. ದೊಡ್ಡಮ್ಮ ಆ ಸಹಿಯ ಮೇಲೆ ಬೆರಳಾಡಿಸಿದಳು. ಗುಮಾಸ್ತ ಕಪಾಟಿನ ಕಡೆಗೆ ತಿರುಗಿ, ಹುಡುಕುವುದೇನೂ ಇಲ್ಲದಿದ್ದರೂ ಹುಡುಕುತ್ತ ನಿಂತ.

ಅಜ್ಜಿಯದು ಸಿಗಲಿಲ್ಲ. ಅಮ್ಮನ ಜನನ ದಾಖಲೆ ಇತ್ತು, ಅದರಿಂದ ವರ್ಷ ಗೊತ್ತಾಯಿತು. ಆ ವರ್ಷದ ಪುಸ್ತಕದಲ್ಲಿ ಅಜ್ಜಿಯ ಹೆಸರಿಲ್ಲ. ಮುಂದಿನದರಲ್ಲೂ ಇಲ್ಲ. ತಡವಾಗಿ ಬರೆಸಿದ ಸಾವುಗಳ ಪುಟಗಳಲ್ಲೂ ಇಲ್ಲ.

"ಮನೇಲಿ ಹೋದ್ರೆ ಬರೆಸದೇ ಬಿಡೋರು ಇದ್ರು," ಎಂದ ಗುಮಾಸ್ತ. "ಬರೆಸಿದಾರೆ ಅಂತ ಗೊತ್ತಿರೋರು ಯಾರಾದ್ರೂ ಇದಾರಾ ನೋಡಿ."

ಇದ್ದದ್ದು ಒಬ್ಬನೇ. ಮಾವ. ಅಜ್ಜಿ ಹೋದ ಮೇಲೆ ಅಜ್ಜ ಇನ್ನೊಂದು ಮದುವೆಯಾಗಿದ್ದ. ಆ ಎರಡನೆಯ ಹೆಂಡತಿಯ ಮಗ ಈ ಮಾವ. ಅಮ್ಮನಿಗೆ ಮಲತಮ್ಮ, ಮೂರು ವರ್ಷಕ್ಕೆ ಚಿಕ್ಕವನು. ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿ ನಿವೃತ್ತನಾದವನು. ಮನೆಯಲ್ಲಿ ಕೋಣೆಗೊಂದು ಗಡಿಯಾರ, ಎಲ್ಲವೂ ಒಂದೇ ಹೊತ್ತು ಹೇಳಬೇಕು. ಯಾವ ಬಸ್ಸು ಯಾವ ವರ್ಷ ಎಷ್ಟು ತಡವಾಗಿತ್ತು ಎಂಬುದೂ ಅವನಿಗೆ ನೆನಪಿದೆ. ಯಾರೂ ಕೇಳದಿದ್ದರೂ ಹೇಳುತ್ತಾನೆ.

ದೊಡ್ಡಮ್ಮ ಹೋದಾಗ ಮಾವ ಬಾಲ್ಕನಿಯಲ್ಲಿ ಕೂತು ಗಡಿಯಾರವೊಂದಕ್ಕೆ ಸೆಲ್ ಹಾಕುತ್ತಿದ್ದ. ಅತ್ತೆ, ಅಂದರೆ ಮಾವನ ಹೆಂಡತಿ, ಚಹಾ ತಂದಿಟ್ಟಳು.

"ಹಾಸಿಗೆ ಅಂಗಡಿಗೆ ಇವತ್ತು ರಜಾನಾ? ಊರಲ್ಲಿ ನಿದ್ದೆ ಮಾಡೋರು ಕಡಿಮೆ ಆದ್ರಾ?" ಎಂದ ಮಾವ.

"ನಮ್ಮ ಹುಡುಗಿ ಒಬ್ಬಳು ಕಡಿಮೆ ಆಗಿದಾಳೆ ಮಾವ. ಅದಕ್ಕೇ ಬಂದೆ." ಡಾಕ್ಟರು ಹೇಳಿದ್ದನ್ನು, ಕಚೇರಿಗೆ ಹೋಗಿದ್ದನ್ನು ಹೇಳಿದಳು.

ಮಾವನ ಮುಖ ಗಂಟಿಕ್ಕಿತು. "ಸತ್ತೋರನ್ನ ಎಬ್ಬಿಸಿ ಕೂರಿಸಿ ಏನ್ ಕೇಳ್ತೀಯ? ನಿನ್ನ ತಂಗಿದು, ನಿಮ್ಮಮ್ಮಂದು ಸಿಕ್ತಲ್ಲ, ಸಾಕು ಬಿಡು."

"ಅಜ್ಜಿದು ಸಿಗಲಿಲ್ಲ. ಬರೆಸೇ ಇಲ್ಲ ಅನ್ಸುತ್ತೆ. ಅಜ್ಜ ಅಷ್ಟು ಉದಾಸೀನ ಮಾಡಿದ್ರಾ?"

ಅಪ್ಪನ ಮೇಲೆ ಬಂದ ಮಾತನ್ನು ಮಾವ ಸಹಿಸುವವನಲ್ಲ. "ಯಾರು ಹೇಳಿದ್ದು ಉದಾಸೀನ ಅಂತ? ಬರೆಸದೇ ಏನು? ಸುಡೋ ಬಿಸಿಲಲ್ಲಿ ನಾನೇ ಅಪ್ಪನ್ನ ಸೈಕಲ್ ಮೇಲೆ ಕೂರಿಸ್ಕೊಂಡು ಹೋಗಿ ಸಹಿ ಹಾಕಿಸ್ಕೊಂಡು ಬಂದಿದೀನಿ! ಆವತ್ತು ಡಿಪೋಗೆ ಅರ್ಧ ದಿನ ರಜ, ನನ್ನ ಕೆಲಸದಲ್ಲಿ ಮೊದಲ್ನೇ ರಜ ಅದು."

ಖಾಲಿ ತಟ್ಟೆ ಎತ್ತಿಕೊಂಡ ಅತ್ತೆ ಅಲ್ಲೇ ನಿಂತುಬಿಟ್ಟಳು.

ದೇವರು ಒಬ್ಬೊಬ್ಬರಿಗೆ ಒಂದೊಂದು ಬಗೆಯ ತಾಳ್ಮೆ ಕೊಟ್ಟಿರುತ್ತಾನೆ. ದೊಡ್ಡಮ್ಮನಿಗೆ ಕೊಟ್ಟದ್ದು ಕೇಳಿಸಿಕೊಳ್ಳುವ ತಾಳ್ಮೆ. ಹತ್ತಿಯ ಪದರದಲ್ಲಿ ಗಂಟು ಸಿಕ್ಕಿದರೆ ಅವಳು ಎಳೆದು ಕೀಳುವುದಿಲ್ಲ, ಬೆರಳಿಟ್ಟುಕೊಂಡು ಕಾಯುತ್ತಾಳೆ. ಈಗಲೂ ಹಾಗೇ ಕಾದಳು. ಮಾವ ಸೆಲ್ಲನ್ನು ತಿರುಗಾಮುರುಗಾ ಹಾಕಿದ, ತೆಗೆದ, ಮತ್ತೆ ಹಾಕಿದ.

"ಮಾವ," ಎಂದಳು ಕೊನೆಗೆ, "ಅಜ್ಜಿ ಹೋದ್ಮೇಲಲ್ವಾ ಅಜ್ಜ ನಿಮ್ಮಮ್ಮನ್ನ ಮದುವೆ ಆಗಿದ್ದು? ನೀವು ಹುಟ್ಟಿದ್ದು?"

ಮಾವ ಗಡಿಯಾರವನ್ನು ಮಡಿಲಿಗೆ ಎಳೆದುಕೊಂಡ.

"ಇಷ್ಟು ವರ್ಷ ಎಲ್ಲರ ಟೈಮೂ ನೋಡಿದ್ರಿ," ಎಂದಳು ಅತ್ತೆ ತಟ್ಟೆಯನ್ನು ಕುಕ್ಕಿ. "ನಿಮ್ದೇ ತಪ್ಪಿಸ್ಕೊಂಡ್ರಿ. ಹೇಳಿಬಿಡಿ ಇನ್ನು."

ಮಾವ ಹೇಳಿದ. ಹೇಳುವಾಗ ದೊಡ್ಡಮ್ಮನ ಮುಖ ನೋಡಲಿಲ್ಲ, ಗಡಿಯಾರವನ್ನೇ ನೋಡಿದ. ಅಜ್ಜಿ ಹೆರಿಗೆಯಲ್ಲಿ ಸಾಯಲಿಲ್ಲ. ಹೆರಿಗೆ ಸಲೀಸಾಗೇ ಆಗಿತ್ತು. ಆದರೆ ಆ ದಿನದಿಂದ ಅವಳು ನಿದ್ದೆ ಮಾಡಲಿಲ್ಲ. ಮನೆಯಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದಳು. ಯಾರೋ ಮಗುವನ್ನು ಬದಲಾಯಿಸಿ ಹೋಗಿದ್ದಾರೆ ಎನ್ನುತ್ತಿದ್ದಳು. ಮರುಕ್ಷಣವೇ, ಯಾರೋ ಮಗುವನ್ನು ಒಯ್ಯಲು ಬರುತ್ತಿದ್ದಾರೆ ಎನ್ನುತ್ತಿದ್ದಳು. ಒಂದು ದಿನ ಮಗು ಕಾಣದೆ ಮನೆಯೆಲ್ಲ ಹುಡುಕಿದರು. ಬೀರುವಿನ ಮೇಲೆ, ಬಟ್ಟೆಯ ಗಂಟುಗಳ ಹಿಂದೆ, ಬೆಚ್ಚಗೆ ಸುತ್ತಿ ಮಲಗಿಸಿಟ್ಟಿದ್ದಳು. ಮಗುವಿಗೆ ಏನೂ ಆಗಿರಲಿಲ್ಲ, ಸುಖವಾಗಿ ಮಲಗಿತ್ತು. ಮನೆಯವರು ಹೆದರಿ ಅವಳನ್ನು ಊರಿನ ಇನ್ನೊಂದು ತುದಿಯ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಸ್ವಲ್ಪ ದಿನಕ್ಕೆಂದು ಸೇರಿಸಿದ್ದು.

"ಆಮೇಲೆ?"

"ಆಮೇಲೆ ಕರ್ಕೊಂಡು ಬರ್ಲಿಲ್ಲ. ಬೀದೀಲಿ ಕೇಳಿದ್ರೆ ಏನ್ ಹೇಳೋದು? ತಲೆಕೆಟ್ಟಿದೆ ಅಂದ್ರೆ ನಾಳೆ ಆ ಮಗೂನ ಯಾರು ಮದುವೆ ಆಗ್ತಾರೆ? ಹೆರಿಗೇಲಿ ಹೋದ್ಲು ಅಂದ್ರೆ ಯಾರೂ ಮುಂದಕ್ಕೆ ಕೇಳಲ್ಲ. ಪಾಪ ಅಂತಾರೆ, ಹೋಗ್ತಾರೆ. ಹಿರಿಯರು ಹಾಗೆ ಮಾಡಿದ್ರು. ಕೆಟ್ಟದ್ದು ಮಾಡ್ಬೇಕು ಅಂತ ಅಲ್ಲ."

"ಅಮ್ಮನಿಗೆ ಗೊತ್ತಿತ್ತಾ?"

"ಇಲ್ಲ."

"ಅಮ್ಮ ಹೋದಾಗ ಅಜ್ಜಿಗೆ ಹೇಳಿದ್ರಾ?"

ಮಾವ ಇಲ್ಲವೆಂದು ತಲೆಯಲ್ಲಾಡಿಸಿದ. ಆಮೇಲೆ, ಕೇಳದಿದ್ದರೂ ಹೇಳಿದ. "ಅಪ್ಪನ ಜೊತೆ ನಾನು ಒಂದೆರಡು ಸಲ ನೋಡಿದೀನಿ. ಚೆನ್ನಾಗೇ ಮಾತಾಡೋಳು. ನಿಂಗೆ ಎಷ್ಟನೇ ಕ್ಲಾಸು ಅಂತ ಕೇಳಿದ್ಲು. ತಲೆ ಸರಿ ಇಲ್ಲದೋಳ ಥರ ಇರ್ಲಿಲ್ಲ. ಅದೇ ನನಗೆ..." ಎಂದು ನಿಲ್ಲಿಸಿದ. ಸೆಲ್ ಸರಿಯಾಗಿ ಕೂತು ಗಡಿಯಾರ ನಡೆಯತೊಡಗಿತು. ಅವನು ಹೊತ್ತು ಸರಿಮಾಡಲು ಹೋಗಲಿಲ್ಲ. "ಇದನ್ನ ಇಲ್ಲಿಗೇ ಬಿಡು. ನಿನ್ನ ಹುಡುಗಿ ಅತ್ತೆಗೆ ಗೊತ್ತಾದ್ರೆ ಏನಾಗುತ್ತೆ ಗೊತ್ತಲ್ಲ?"

ದೊಡ್ಡಮ್ಮನಿಗೆ ಗೊತ್ತಿತ್ತು.

ಮರುದಿನ ಮತ್ತೆ ಮೆಟ್ಟಿಲ ಕೆಳಗಿನ ಕೋಣೆಗೆ ಹೋದಳು. ಆಸ್ಪತ್ರೆಯ ಹೆಸರು ಹೇಳುತ್ತಿದ್ದ ಹಾಗೇ ಗುಮಾಸ್ತ ಹಣೆ ಚಚ್ಚಿಕೊಂಡ. ಅವನ ಕಚೇರಿಯಲ್ಲಿ ಅಂಥ ಕಡೆಯ ಸಾವುಗಳಿಗೆ ಬೇರೆಯೇ ಪುಸ್ತಕ. ಜೈಲು, ಅನಾಥಾಲಯ, ಮಾನಸಿಕ ಆಸ್ಪತ್ರೆಗಳು ತಿಂಗಳಿಗೊಮ್ಮೆ ತಮ್ಮಲ್ಲಿ ಸತ್ತವರ ವಿವರವನ್ನು ಒಟ್ಟಿಗೆ ಕಳಿಸುತ್ತಿದ್ದವು. ಅವುಗಳನ್ನು ಸಂಸ್ಥೆಗಳ ಪುಸ್ತಕದಲ್ಲಿ ಬರೆಯುತ್ತಿದ್ದರು. ಊರಿನವರ ಹೆಸರಿನ ಸೂಚಿಗೆ ಅವು ಸೇರುತ್ತಲೇ ಇರಲಿಲ್ಲ. ಮನೆಯವರು ಹುಡುಕುವುದು ಸೂಚಿಯಲ್ಲಿ. ಹಾಗಾಗಿ ಆ ಪುಸ್ತಕಗಳನ್ನು ಕೇಳಿ ಬಂದವರು ಇಲ್ಲವೆನ್ನುವಷ್ಟು ಕಡಿಮೆ. ಕಪಾಟಿನ ತೀರ ಮೇಲಿನಿಂದ ಇಳಿಸಿದಾಗ ಅದರ ರಟ್ಟು ಪಕ್ಕದ ಪುಸ್ತಕಕ್ಕೆ ಅಂಟಿಕೊಂಡಿತ್ತು.

ಮಾವನ ಅರ್ಧ ದಿನದ ರಜೆ ದಾರಿ ತೋರಿಸಿತು. ಅವನು ಡಿಪೋಗೆ ಸೇರಿದ ವರ್ಷದ ಬೇಸಗೆ. ಅಜ್ಜಿಯ ಹೆಸರು, ಅಜ್ಜನ ಹೆಸರು. ಸಾವಿನ ಕಾರಣ, ನ್ಯುಮೋನಿಯಾ. ಕೊನೆಯ ಅಂಕಣದಲ್ಲಿ, ಹೆರಿಗೆಯ ನಂತರದ ಚಿತ್ತಭ್ರಮೆಗಾಗಿ ದಾಖಲು ಎಂದೂ, ದಾಖಲಾದ ವರ್ಷವೂ ಇತ್ತು. ಅದು ಅಮ್ಮ ಹುಟ್ಟಿದ ವರ್ಷ.

ದೊಡ್ಡಮ್ಮ ಲೆಕ್ಕ ಹಾಕಿದಳು. ಅಜ್ಜಿ ಸತ್ತಾಗ ಅವಳಿಗೆ ಒಂಬತ್ತು ವರ್ಷ. ಎರಡನೆಯ ತರಗತಿಯಲ್ಲಿ ಒಮ್ಮೆ ಫೇಲಾದದ್ದು, ಅಪ್ಪ ಸೂಜಿ ಹಿಡಿಯಲು ಕಲಿಸಿದ್ದು, ತಂಗಿಗೆ ಮೊದಲ ಸಲ ತಲೆ ಬಾಚಿದ್ದು, ಅಷ್ಟೂ ಹೊತ್ತು ಅಜ್ಜಿ ಅದೇ ಊರಿನ ಇನ್ನೊಂದು ತುದಿಯಲ್ಲಿದ್ದಳು. ಅಮ್ಮನಿಲ್ಲದ ಎರಡು ಮಕ್ಕಳು ಇಲ್ಲಿ, ಮಗಳು ಹೋದದ್ದೇ ಗೊತ್ತಿಲ್ಲದ ಒಬ್ಬಳು ಅಲ್ಲಿ. ಬಡಗಿಯ ನೆನಪು ಬಂತು. ಅದನ್ನು ಅವಳು ಹೆಚ್ಚು ಹೊತ್ತು ನಿಲ್ಲಲು ಬಿಡಲಿಲ್ಲ.

"ಪ್ರತಿಗೆ ಅರ್ಜಿ ಬರೀಲಾ?" ಎಂದ ಗುಮಾಸ್ತ.

"ನಾಳೆ ನಾಡಿದ್ದು ಬರ್ತೀನಪ್ಪ," ಎಂದು ಎದ್ದುಬಂದಳು. ಆ ಕಾಗದ ಬೀಗಿತ್ತಿಯ ಕಂಕುಳಿನ ಫೈಲಿನಲ್ಲಿ ಕೂರುವುದು ಕಣ್ಣಿಗೆ ಕಟ್ಟಿತ್ತು. ಹೆರಿಗೆಯಲ್ಲಿ ಸಾಯುವ ಮನೆತನ ಎಂದರೆ ಜನ ಮರುಕ ಪಡುತ್ತಾರೆ. ಹುಚ್ಚಿನ ಮನೆತನ ಎಂದರೆ? ಕೂಸನ್ನು ತಾಯಿಯ ಕೈಗೆ ಕೊಡುವಾಗಲೂ ಎರಡು ಸಲ ಯೋಚಿಸುತ್ತಾರೆ.

ಹುಡುಗಿಗೆ ಹೇಳದೆ ಇರಲಾಗಲಿಲ್ಲ. ಕನ್ನಡಕದ ಅಂಗಡಿ ಮುಗಿಸಿ ಬಂದವಳನ್ನು ತನ್ನಲ್ಲಿಗೇ ಕರೆಸಿ, ಆಗ ತಾನೇ ತುಂಬಿಟ್ಟ ಹಾಸಿಗೆಯ ಮೇಲೆ ಕೂರಿಸಿ, ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಅಮ್ಮ, ತಂಗಿ ಇಬ್ಬರ ಕಾರಣವೂ ಬೇರೆ ಬೇರೆ, ಎರಡಕ್ಕೂ ಈಗ ಔಷಧಿಯಿದೆ. ಅಜ್ಜಿಯಂತೂ ಹೆರಿಗೆಯಲ್ಲಿ ಸಾಯಲೇ ಇಲ್ಲ.

ಹುಡುಗಿ ಮೊದಲು ನಕ್ಕಳು. ಬಹಳ ತಿಂಗಳ ಮೇಲೆ ಬಂದ ನಗು ಅದು. "ಹೆರಿಗೇಲಿ ಸತ್ತೇ ಇಲ್ವಾ? ನಾನು ಸುಮ್ನೆ ಬಟ್ಟೆಗೆಲ್ಲ ಚೀಟಿ ಚುಚ್ಚಿದ್ನಾ?"

"ಗುಂಡುಸೂಜಿ ವಾಪಸ್ ಕೊಡು. ನನ್ನ ಡಬ್ಬೀದೇ ಅವು."

ಆಮೇಲೆ ಹುಡುಗಿಯ ನಗು ಇಳಿಯಿತು. ಹಾಸಿಗೆಯ ಅಂಚಿನ ಹೊಲಿಗೆಯನ್ನು ಉಗುರಿನಿಂದ ಸವರುತ್ತ ಕೂತಳು. "ಮಗೂನ ಬೀರು ಮೇಲೆ ಬೆಚ್ಚಗೆ ಮಲಗಿಸಿದ್ರಲ್ಲ ದೊಡ್ಡಮ್ಮ. ಕಾಪಾಡ್ತಾ ಇದೀನಿ ಅಂತಾನೇ ಅಂದ್ಕೊಂಡಿದ್ರು ಅವರು." ದನಿ ತಗ್ಗಿಸಿ ಹೇಳಿದಳು: "ನನಗೂ ನಿದ್ದೆ ಬರಲ್ಲ."

"ನೀನು ಹೆದರಿ ಮಲಗ್ತಾ ಇರ್ಲಿಲ್ಲ."

"ಇರಬಹುದು. ಆದ್ರೆ ನನಗೂ ಹಾಗೆ ಆದ್ರೆ ನೀನೇನ್ ಹೇಳ್ತೀಯ?"

"ಯಾರಿಗೆ?"

"ಊರಿಗೆ. ನಾನೂ ಹೆರಿಗೇಲಿ ಹೋದೆ ಅಂತಾನಾ?"

ಹುಡುಗಿ ಉತ್ತರಕ್ಕೆ ಕಾಯಲಿಲ್ಲ. ಹಾಸಿಗೆಯ ಮೇಲೆ ಹಾಗೇ ಒರಗಿಕೊಂಡಳು, ಸ್ವಲ್ಪ ಹೊತ್ತಿನಲ್ಲೇ ನಿದ್ದೆಹೋದಳು. ಮಾರಾಟದ ಹಾಸಿಗೆ ಅದು. ಗಿರಾಕಿ ಬಂದು ಬಾಗಿಲಲ್ಲಿ ನಿಂತಾಗ ದೊಡ್ಡಮ್ಮ ತುಟಿಯ ಮೇಲೆ ಬೆರಳಿಟ್ಟು, ನಾಳೆ ಬಾ ಎಂದು ಕೈಸನ್ನೆ ಮಾಡಿ ಕಳಿಸಿದಳು.

ಡಾಕ್ಟರಿಗೆ ಹೋಗಿ ಹೇಳಿದಾಗ ಅವಳು ಗಾಬರಿಯಾಗಲಿಲ್ಲ, ಸಮಾಧಾನದ ಮಾತನ್ನೂ ಆಡಲಿಲ್ಲ. "ಮುತ್ತಜ್ಜಿ ಅಂದ್ರೆ ದೂರದ ರಕ್ತ. ಬಂದೇ ಬರುತ್ತೆ ಅಂತ ಏನೂ ಇಲ್ಲ, ಬರದೇ ಇರೋದೇ ಹೆಚ್ಚು. ಆದ್ರೆ ಈಗಲೇ ನಿದ್ದೆ ಕೆಟ್ಟಿದೆ. ಹೆರಿಗೆ ಆದ್ಮೇಲೆ ಮೊದಲ ವಾರಗಳಲ್ಲಿ ಕಣ್ಣಿಟ್ಟಿರಬೇಕು. ಬೇಗ ಗುರುತಿಸಿದ್ರೆ ಔಷಧಿಗೆ ಬಗ್ಗುತ್ತೆ, ತಾಯಿ ಮಗು ಮನೇಲೇ ಇರ್ತಾರೆ. ಯಾರೂ ಗಮನಿಸದೇ ಹೋದ್ರೆ ಕಷ್ಟ. ಮನಸ್ಸಿನ ಡಾಕ್ಟರಿಗೆ ಮೊದಲೇ ಹೇಳಿಡ್ತೀನಿ. ಕಾಗದ ತಂದ್ರಾ?"

"ತರ್ತೀನಿ."

"ಏನಾಗಿ ಸೇರಿಸಿದ್ರು ಅನ್ನೋದು ಅದರಲ್ಲಿ ಇರಬೇಕು. ನೆನಪಿರಲಿ."

ಕಚೇರಿಗೆ ಹೋದಾಗ ಮಧ್ಯಾಹ್ನವಾಗಿತ್ತು. ಗುಮಾಸ್ತ ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಕುಡಿಯುತ್ತಿದ್ದ. ಅವಳನ್ನು ನೋಡಿ ಕುರ್ಚಿ ಎಳೆದುಕೊಟ್ಟ. ಸಂಸ್ಥೆಗಳ ಪುಸ್ತಕವನ್ನು ಅವನು ಮತ್ತೆ ಮೇಲಿಟ್ಟಿರಲಿಲ್ಲ. ಮೇಜಿನ ಮೇಲೆಯೇ ಕಾಗದದ ಗುರುತಿಟ್ಟು ಮುಚ್ಚಿಟ್ಟಿದ್ದ.

"ನೀವು ಬರ್ತೀರಿ ಅಂತ ಗೊತ್ತಿತ್ತು," ಎಂದ. ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಅಮ್ಮಾ, ಒಂದು ಮಾತು. ನಮ್ಮಲ್ಲಿ ಪ್ರತಿ ಎರಡು ಥರ ಕೊಡ್ತೀವಿ. ಪೂರ್ತಿದು, ಸಣ್ಣದು. ಸಣ್ಣದರಲ್ಲಿ ಹೆಸರು, ತಾರೀಕು, ವಯಸ್ಸು, ಇಷ್ಟೇ. ಎಲ್ಲಿ ಹೋದ್ರು, ಯಾಕೆ ಸೇರಿಸಿದ್ರು ಅನ್ನೋದು ಬರಲ್ಲ. ಅದಕ್ಕೂ ಇದೇ ಸೀಲು, ಇದೇ ಸಹಿ. ಹೊಸ ನಿಯಮದ ಪ್ರಕಾರ ಈ ಪುಸ್ತಕಕ್ಕೆ ಪೂರ್ತಿದೇ ಕೊಡಬೇಕು ಅಂತ ಇದೆ. ಆದ್ರೆ ನಾನು ಸಾಹೇಬರಿಗೆ ಹೇಳಿ ಸಣ್ಣದು ಮಾಡಿಸಿಕೊಡ್ತೀನಿ. ಹೆಣ್ಣುಮಗಳ ಸಂಸಾರದ ವಿಷಯ. ನನಗೂ ಇಬ್ಬರು ಹೆಣ್ಣುಮಕ್ಕಳಿದಾರೆ. ನೀವು ಏನೂ ಕೊಡೋದು ಬೇಡ, ಏನೂ ಹೇಳೋದೂ ಬೇಡ. ಹತ್ತು ನಿಮಿಷ ಕೂತಿರಿ."

ಅವನು ನಿಜವಾದ ಕಳಕಳಿಯಿಂದಲೇ ಹೇಳಿದ್ದ. ಅದು ಅವಳಿಗೆ ಕಂಡಿತು. ಮಾವನ ಮಾತಿನಲ್ಲೂ ಹೀಗೇ ಕಳಕಳಿ ಇತ್ತು. ಅಜ್ಜಿಯನ್ನು ಸೇರಿಸಿ ಬಂದವರಲ್ಲೂ ಇದ್ದಿರಬೇಕು.

"ಒಳ್ಳೇ ಮನಸ್ಸಪ್ಪ ನಿಂದು," ಎಂದಳು ದೊಡ್ಡಮ್ಮ. "ನಿನ್ನ ಮಕ್ಕಳು ಚೆನ್ನಾಗಿರ್ಲಿ. ಆದ್ರೆ ಸಣ್ಣದು ಬೇಡ."

"ಬೀಗರು ಓದಿಬಿಟ್ರೆ?"

"ಅವರು ಓದೋಕೆ ಮುಂಚೆ ನಾನೇ ಹೋಗಿ ಓದಿ ಹೇಳ್ತೀನಿ. ಆಮೇಲೆ ಅವರೇನ್ ಹೇಳ್ತಾರೋ ಕೇಳಿಸ್ಕೋತೀನಿ."

"ಯೋಚನೆ ಮಾಡಿ ಅಮ್ಮ. ಒಂದ್ಸಲ ಕೊಟ್ಟ ಮೇಲೆ ವಾಪಸ್ ತಗೊಳ್ಳೋಕೆ ಆಗಲ್ಲ."

"ಅಜ್ಜಿಗೆ ಏನಾಯ್ತು ಅಂತ ಹೇಳ್ದೇ ಇರೋ ಕಾಗದ ತಗೊಂಡು ನಾನೇನ್ ಮಾಡ್ಲಿ?" ಎಂದಳು ಅವಳು, ಪುಸ್ತಕವನ್ನು ಅವನ ಕಡೆಗೆ ಸರಿಸುತ್ತ. "ಪೂರ್ತಿದೇ ಬರಿ. ಒಂದು ಅಕ್ಷರಾನೂ ಬಿಡ್ಬೇಡ."